ಕೋಳಿ ಹಂಚು, ಮೀನು ಹಂಚು

ನಾನು ಚಿಕ್ಕವನಿದ್ದಾಗ ನಮ್ಮ ಶಾಲೆಯ ಮೇಲೆ ಒಂದು ಕಾಟು ಮಾವಿನ ಮರ ಬಿತ್ತು. ಕಡಬದಿಂದ ನೆಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಳಗೆ ಇಳಿದರೆ ಸಿಗುವ ಊರು ನಮ್ಮದು. ಶಾಲೆ ಎಂದರೆ ಒಂದೇ ಕೋಣೆ. ಮೇ ತಿಂಗಳ ಕೊನೆಯ ಗಾಳಿಗೆ ಮರ ಬುಡಸಮೇತ ಮಗುಚಿತ್ತು. ಬೆಳಿಗ್ಗೆ ಓಡಿ ಹೋಗಿ ನೋಡಿದರೆ ಮೇಲಿನ ಹಂಚಿನ ಮಾಡೇ ಇಲ್ಲ, ಬರೀ ನಾಲ್ಕು ಗೋಡೆ, ಒಂದು ಕರಿಹಲಗೆ, ನೆಲದ ತುಂಬ ಹಂಚಿನ ಚೂರು, ಅದರ ಮೇಲೆಲ್ಲ ಘಮಘಮಿಸುವ ಮಾವಿನ ಹಣ್ಣು. ನಾನಾಗ ಒಂದನೆಯ ತರಗತಿ ಮುಗಿಸಿದ್ದೆ. ಸುಳ್ಳು ಯಾಕೆ ಹೇಳಲಿ, ಮೊದಲು ಹಣ್ಣು ಹೆಕ್ಕಿದೆ.

ಅಕ್ಕ ಹಣ್ಣು ಮುಟ್ಟಲಿಲ್ಲ. ಅವಳು ಐದನೆಯ ತರಗತಿಗೆ ಹೋಗಬೇಕಿತ್ತು. ಶಾಲೆ ನೋಡಲು ಬಂದ ಅಧಿಕಾರಿ ಕೊಡೆಯ ತುದಿಯಿಂದ ಹಂಚಿನ ಚೂರು ಸರಿಸಿ, "ಇದು ಇನ್ನು ಆಗುವ ಮಾತಲ್ಲ. ಮಕ್ಕಳನ್ನು ಹೊಳೆಯಾಚೆಯ ಶಾಲೆಗೆ ಸೇರಿಸಿ" ಎಂದರು. ಮಳೆಗಾಲದಲ್ಲಿ ಆ ಹೊಳೆ ದಾಟಲು ಗಂಡಸರೇ ಹೆದರುತ್ತಿದ್ದರು, ಹುಡುಗಿಯರನ್ನು ಯಾರು ಕಳಿಸುತ್ತಾರೆ? ಈ ಶಾಲೆ ಮುಚ್ಚಿದರೆ ಅಕ್ಕನ ಓದು ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅಪ್ಪನ ಪಂಚೆಯ ಅಂಚು ಹಿಡಿದು ನಿಂತಿದ್ದಳು, ಅಳಲಿಲ್ಲ.

"ಜೂನ್ ಒಂದಕ್ಕೆ ಬನ್ನಿ ಸ್ವಾಮಿ. ಮಾಡು ಉಂಟಾ ಇಲ್ವಾ ಆಗ ನೋಡುವ" ಎಂದ ಅಪ್ಪ.

"ಎಂಟು ದಿನದಲ್ಲಿ ಹಂಚು ಎಲ್ಲಿಂದ ತರ್ತೀರಿ?"

"ಅದು ನಮ್ಮ ಕೆಲಸ."

ಅಪ್ಪನಿಗೂ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಜಗಲಿಯಲ್ಲಿ ಕೂತು ಮೇಲೆ ನೋಡಿದ, ಹೊಳೆಯಿತು. ಮರುದಿನ ಊರಿನ ಪ್ರತಿ ಮನೆಯಲ್ಲೂ ಒಬ್ಬರು ಹಂಚು ತೆಗೆಯಲು ಮಾಡಿನ ಮೇಲಿದ್ದರು.

"ನಿಮಗೆ ಅಡುಗೆಮನೆಯದ್ದೇ ಆಗ್ಬೇಕಾ? ದನದ ಹಟ್ಟಿದ್ದು ತೆಗೀರಿ" ಎಂದು ಅಮ್ಮ ಕೆಳಗಿನಿಂದ ಕೂಗಿದಳು.

"ಹಟ್ಟಿಗೆ ಮುಳಿಹುಲ್ಲು ಮಾರಾಯ್ತಿ, ಹಂಚು ಎಲ್ಲುಂಟು?" ಎಂದು ಅಪ್ಪ ಮೇಲಿನಿಂದ ಕೂಗಿದ.

ನಾವು ಮಕ್ಕಳು ಹಳೆ ಬಟ್ಟೆಯ ಸಿಂಬೆ ಸುತ್ತಿ, ತಲೆಗೊಂದು ಹಂಚು ಹೊತ್ತು ಸಾಲಾಗಿ ನಡೆದೆವು. ಅಡುಗೆಮನೆಯ ಹಂಚಿನ ಅಡಿಯಲ್ಲಿ ಬೆರಳು ದಪ್ಪ ಮಸಿ. ಬೆವರಿನೊಂದಿಗೆ ಅದು ಮುಖಕ್ಕೆಲ್ಲ ಇಳಿದು, ಶಾಲೆ ಮುಟ್ಟುವಾಗ ಯಾರ ಮಗ ಯಾರು ಎಂದು ಮಾಸ್ಟ್ರಿಗೂ ತಿಳಿಯುತ್ತಿರಲಿಲ್ಲ.

ಊರಿನ ಗಂಡಸರೇ ಮಾಡಿನ ಮುರಿದ ಪಕ್ಕಾಸಿನ ಮರ ಬದಲಿಸಿ, ಅದಕ್ಕೆ ಅಡ್ಡವಾಗಿ ರೀಪು ಹೊಡೆದು, ಹಂಚು ಇಡತೊಡಗಿದರು. ಎರಡು ಸಾಲು ಇಡುವಷ್ಟರಲ್ಲಿ ನಮ್ಮ ಬುದ್ಧಿವಂತಿಕೆ ಬಯಲಾಯಿತು. ಒಬ್ಬೊಬ್ಬರ ಮನೆಯದ್ದು ಒಂದೊಂದು ಕಾರ್ಖಾನೆಯ ಹಂಚು. ಒಂದರ ಅಂಚು ಇನ್ನೊಂದರ ಗಾಡಿಗೆ, ಆ ತಗ್ಗು ಗೆರೆಗೆ, ಕೂರುವುದೇ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಹಾಗೆ ಎಲ್ಲ ಸೊಟ್ಟ, ನಡುವೆ ಆಕಾಶ. ಇಷ್ಟು ವರ್ಷ ಅದೇ ಮಾಡಿನಡಿ ಮಲಗಿದವರಿಗೆ ಇಷ್ಟು ಹೊಳೆಯಲಿಲ್ಲವಲ್ಲ! ಅಪ್ಪ ಪಕ್ಕಾಸಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತ. ಉಳಿದದ್ದು ಎರಡೇ ದಿನ.

ಆಗ ಕೆಳಗೆ ಅಕ್ಕ ಒಂದೊಂದೇ ಹಂಚನ್ನು ಮಗುಚಿ, ಲಂಗದ ತುದಿಯಿಂದ ಮಸಿ ಉಜ್ಜುತ್ತಿದ್ದಳು. ಪ್ರತಿ ಕಾರ್ಖಾನೆಯವರೂ ಹಂಚಿನ ಅಡಿಯಲ್ಲಿ ತಮ್ಮ ಗುರುತಿನ ಚಿತ್ರ ಒತ್ತಿರುತ್ತಾರೆ. ಜ್ವರ ಬಂದು ಮಲಗಿದಾಗೆಲ್ಲ ಅವಳು ಅದನ್ನು ನೋಡುತ್ತಿದ್ದಳಂತೆ.

"ಅಪ್ಪಾ, ನಮ್ಮನೇದು ಕೋಳಿ. ಮಾಸ್ಟ್ರ ಮನೇದು ಮೀನು. ಕೋಳಿದ್ದೆಲ್ಲ ಒಂದು ಕಡೆ ಇಡಿ, ಮೀನಿದ್ದೆಲ್ಲ ಒಂದು ಕಡೆ. ಆಗುದಿಲ್ವಾ?"

ಆಗದೆ ಏನು! ಒಂದೊಂದು ಗುರುತಿಗೆ ಕೆಳಗಿನಿಂದ ತುದಿಯವರೆಗೆ ಒಂದೊಂದು ಪಟ್ಟಿ ಇಟ್ಟರು. ಪಟ್ಟಿಗೂ ಪಟ್ಟಿಗೂ ನಡುವೆ ಉಳಿದ ಸಂದಿಗೆ ಅಡಿಕೆ ಹಾಳೆ ತುರುಕಿದರು. ಒಂದು ಕಡೆ ಕೆಂಪು, ಒಂದು ಕಡೆ ಕಪ್ಪು, ಪಾಚಿ ಹಿಡಿದದ್ದು ಇನ್ನೊಂದು ಕಡೆ. ಅಷ್ಟು ಕುರೂಪದ ಮಾಡನ್ನು ನಾನು ಮತ್ತೆಲ್ಲೂ ನೋಡಿಲ್ಲ. ಅಷ್ಟು ಹೆಮ್ಮೆಯೂ ಮತ್ತೆ ಯಾವ ಕಟ್ಟಡ ನೋಡಿಯೂ ಆಗಿಲ್ಲ.

ಜೂನ್ ಒಂದಕ್ಕೆ ಅಧಿಕಾರಿ ಬಂದರು, ಜೊತೆಗೇ ಮಳೆಯೂ ಬಂತು. ಎಲ್ಲರೂ ಮೇಲೆ ನೋಡಿದೆವು. ಕೋಳಿಗೂ ಮೀನಿಗೂ ನಡುವಿನಿಂದ ಟಪ್ ಎಂದು ಒಂದು ಹನಿ ಬಿತ್ತು, ಹಿಂದೆಯೇ ಇನ್ನೊಂದು.

"ಸೋರ್ತದಲ್ಲ!" ಎಂದರು ಅಧಿಕಾರಿ.

ಅಪ್ಪ ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದಳು. ಕುಡಿಯುವ ನೀರಿನ ಕೊಡಪಾನವನ್ನು ಎತ್ತಿ ತಂದು ಹನಿಯ ಅಡಿಗಿಟ್ಟಳು. "ಅಲ್ಲಿ ಮಾತ್ರ ಸೋರುದು ಸಾರ್. ನಾವು ಇಲ್ಲಿ ಕೂತ್ಕೊಳ್ತೇವೆ" ಎಂದು ಬಂದು ಕೂತಳು.

ಅಧಿಕಾರಿ ಒಮ್ಮೆ ಕೊಡಪಾನ ನೋಡಿದರು, ಒಮ್ಮೆ ಅಕ್ಕನನ್ನು. ಆಮೇಲೆ ಕೊಡೆ ಮಡಚಿ, ಮಾಸ್ಟ್ರಿಗೆ ಹೇಳಿದರು: "ಹಾಜರಿ ಕರೆಯಿರಿ."

ಆ ಮಳೆಗಾಲವಿಡೀ ನಮ್ಮ ಅಡುಗೆಮನೆಗೆ ತೆಂಗಿನ ಗರಿ ಹೆಣೆದ ಮಡಲೇ ಗತಿ. ಅಮ್ಮ ತಲೆಗೆ ಹಾಳೆಯ ಮುಟ್ಟಾಳೆ ಟೋಪಿ ಇಟ್ಟುಕೊಂಡು ದೋಸೆ ಎರೆದಳು, ಅಪ್ಪನನ್ನು ಬೈಯುತ್ತ ಎರೆದಳು. ಅಕ್ಕ ಮಾತ್ರ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ಮೊಮ್ಮಕ್ಕಳೇ, ದರ್ಬೆ ಪೇಟೆಯ ನಿಮ್ಮ ಮನೆ ಕಾಂಕ್ರೀಟಿನದು, ಶಾಲೆಯೂ ಹಾಗೆಯೇ. ಮಳೆ ಜೋರಾದರೆ ಫೋನಿಗೆ ರಜೆಯ ಸುದ್ದಿ ಬರುತ್ತದೆ. ಹೋದ ವರ್ಷ ಶಾಲೆಯ ಹಿಂದಿನ ಗುಡ್ಡ ಜರಿದು ರಜೆ ಕೊಟ್ಟಾಗ ನೀವು ಕುಣಿದಿರಿ. ನಾನು ಬೈಯಲಿಲ್ಲ, ನಾನೂ ಮೊದಲು ಹಣ್ಣು ಹೆಕ್ಕಿದವನೇ. ಆಮೇಲೆ ಈ ಕಥೆ ಕೇಳಿ ನಿಮ್ಮಲ್ಲೊಬ್ಬಳು ಕೇಳಿದಳು: "ಅಜ್ಜ, ನಮ್ಮನೆಗೆ ಹಂಚೇ ಇಲ್ವಲ್ಲ, ಶಾಲೆ ಮುಚ್ತೇವೆ ಹೇಳಿದ್ರೆ ನಾವು ಎಂತ ಕೊಡುದು?"

ನನಗೂ ಗೊತ್ತಿಲ್ಲ. ಆದರೆ ಯಾರಾದರೂ ಕೊಡೆಯ ತುದಿಯಿಂದ ನಿಮ್ಮದನ್ನು ಸರಿಸಿ "ಇದು ಇನ್ನು ಆಗುವ ಮಾತಲ್ಲ" ಎಂದರೆ, ಎಂಟು ದಿನ ಬಿಟ್ಟು ಬರಲು ಹೇಳಿ. ಕೊಡುವುದು ಏನೆಂದು ಆಮೇಲೆ ಹುಡುಕಿದರಾಯಿತು.