ಸೋಪಿನ ಪುಡಿಗೊಂದು ಗೆರೆ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಆಕೆ ಸೋಪಿನ ಪುಡಿಯ ಡಬ್ಬ ತೆರೆಯುತ್ತಾರೆ. ಕೈಯಲ್ಲೊಂದು ಹಳೆಯ ಸ್ಟೀಲ್ ಲೋಟ, ಅದರ ಅರ್ಧಕ್ಕೂ ಕೆಳಗೆ ಮೊಳೆಯಿಂದ ಗೀರಿದ ಗೆರೆ. ಪುಡಿ ಗೆರೆ ಮುಟ್ಟುತ್ತದೆ, ದಾಟುವುದಿಲ್ಲ. ಚಿಟಿಕೆ ಹೆಚ್ಚೆನಿಸಿದರೂ ವಾಪಸ್ ಡಬ್ಬಕ್ಕೆ. ಇಲ್ಲಿ ಎಲ್ಲರೂ ಅವರನ್ನು ಅಳತೆಯಮ್ಮ ಎಂದೇ ಕರೆಯುತ್ತಾರೆ.

"ಮೆಷಿನ್ ತುಂಬ ಬಟ್ಟೆಗೆ ಇಷ್ಟೇನಾ?" ಎಂದುಬಿಡುತ್ತೇನೆ, ಅವರ ಬಗ್ಗೆ ಬರೆಯಲು ಬಂದವನು. ಮನೆಯಲ್ಲಿ ಧಾರಾಳವಾಗಿ ಸುರಿಯುವ ಗಿರಾಕಿ ನಾನು.

"ನೊರೆ ಬಂದ್ರೆ ಕೊಳೆ ಹೋಯ್ತು ಅಂದ್ಕೊಂಡಿದ್ದೀರಾ? ಕೊಳೆ ಹೋಗುತ್ತೆ, ಪುಡಿ ಉಳಿಯುತ್ತೆ ಸಾರ್. ಒಣಗಿದ್ಮೇಲೆ ಅದೇ ಚುಚ್ಚೋದು," ಎಂದು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಬೇಕಿತ್ತೇ ನನಗೆ!

ವಯಸ್ಸು ಐವತ್ತೆಂಟು, ಕೆಲಸಕ್ಕೆ ಸೇರಿ ಹನ್ನೆರಡು ವರ್ಷ. ದಿನಕ್ಕೆ ಇನ್ನೂರ ನಲವತ್ತು ಹಾಸುಬಟ್ಟೆ, ಮೂರು ಯಂತ್ರ. ಸುಟ್ಟ ಗಾಯದ ವಾರ್ಡಿನ ನಲವತ್ತನ್ನು ಬೇರೆಯಾಗಿ ಹಾಕುತ್ತಾರೆ, ಅವಕ್ಕೆ ಒಗೆದ ಮೇಲೆ ಎರಡು ಸಲ ಬರೀ ನೀರು. ಒಣಗಿದ ಮೇಲೆ ಒಂದೊಂದನ್ನೂ ಮೊಣಕೈ ಒಳಬದಿಗೆ ಉಜ್ಜಿ ನೋಡುತ್ತಾರೆ. ಕೈಯಲ್ಲೇ ಮುಟ್ಟಿ ನೋಡಬಾರದೇ ಎಂದರೆ, ಬಿರುಕುಬಿಟ್ಟ ಬೆರಳುಗಳನ್ನು ಚಾಚುತ್ತಾರೆ. "ಇವಕ್ಕೆ ಈಗ ಏನೂ ಗೊತ್ತಾಗಲ್ಲ."

ಹದಿಮೂರು ವರ್ಷದ ಹಿಂದೆ ಅವರ ಯಜಮಾನರು ಇದೇ ವಾರ್ಡಿನ ಮೂರನೇ ಮಂಚದಲ್ಲಿದ್ದರು. ಕಾರ್ಖಾನೆಯಲ್ಲಿ ಬಿಸಿ ಎಣ್ಣೆ ಚೆಲ್ಲಿ ಬೆನ್ನೆಲ್ಲ ಬೆಂದಿತ್ತು. ಆಸ್ಪತ್ರೆಯ ಬಟ್ಟೆ ನಂಬದೆ ಈಕೆ ಮನೆಯಿಂದಲೇ ಹಾಸುಬಟ್ಟೆ ಒಗೆದು ತರುತ್ತಿದ್ದರು. "ಎರಡು ಮುಷ್ಟಿ ಪುಡಿ ಸುರೀತಿದ್ದೆ. ಘಮಘಮ ಅಂತಿತ್ತು. ಹೇಗಿದೆ ಅಂತ ಕೇಳಿದ್ರೆ, 'ಹೂವಿನ ಹಾಗಿದೆ ಕಣೇ' ಅಂತಿದ್ರು."

ಹತ್ತೊಂಬತ್ತನೇ ದಿನ ಅವರು ತೀರಿಕೊಂಡರು. ಮಂಚ ಖಾಲಿ ಮಾಡುವಾಗ ನರ್ಸ್ ತಡೆಯಲಾರದೆ ಹೇಳಿದರು: ಆ ಬಟ್ಟೆಯ ಮೇಲೆ ಮಲಗಿದಾಗಲೆಲ್ಲ ಉರಿ ಉರಿ ಎಂದು ಒದ್ದಾಡುತ್ತಿದ್ದರು, ಬದಲಿಸಲು ಹೋದರೆ ಬಿಡುತ್ತಿರಲಿಲ್ಲ. "'ಅವಳಿಗೆ ಹೇಳ್ಬೇಡಿ ಸಿಸ್ಟರ್, ಆಸೆಯಿಂದ ಒಗೆದು ತಂದಿದ್ದಾಳೆ' ಅಂದ್ರಂತೆ."

ಯಂತ್ರ ತಿರುಗುತ್ತಲೇ ಇರುತ್ತದೆ. "ಪುಡಿಯಿಂದ ಹೋಗಿದ್ದಲ್ಲ, ಡಾಕ್ಟರೇ ಹೇಳಿದ್ರು. ಆದ್ರೆ ಆ ಮನುಷ್ಯನ ಕೊನೇ ನಿದ್ದೆ ಕೆಡಿಸಿದ್ದು ನಾನೇ ಅಲ್ವಾ?" ಅವರ ಕೈಯಲ್ಲಿನ ಒಣಗಿದ ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿದುಕೊಳ್ಳುತ್ತೇನೆ, ಇಬ್ಬರೂ ಮಡಿಸುತ್ತೇವೆ.

ಹನ್ನೊಂದು ಗಂಟೆಗೆ ಸುಟ್ಟ ಗಾಯದ ವಾರ್ಡಿಗೆ ಹೋಗುತ್ತಾರೆ, ಹಿಂದೆ ನಾನೂ. ಅದು ಅವರ ಕೆಲಸವಲ್ಲ, ಯಾರೂ ಹೇಳಿಯೂ ಇಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮಂಚದಿಂದ ಮಂಚಕ್ಕೆ ಒಂದೇ ಪ್ರಶ್ನೆ: "ಚುಚ್ಚುತ್ತಾ? ಸಂಕೋಚ ಬೇಡ, ಬೈದ್ರೂ ಪರವಾಗಿಲ್ಲ." ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಚೆನ್ನಾಗಿದೆ ಅಂದ್ರೆ ಎದೆ ಧಸಕ್ ಅನ್ನುತ್ತೆ ಸಾರ್," ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ.

ಮೂರನೇ ಮಂಚದ ಅಜ್ಜ ಮಾತ್ರ ತಡವರಿಸುತ್ತಾರೆ. "ಬೆನ್ನ ಹತ್ರ ಸ್ವಲ್ಪ ಚುಚ್ಚುತ್ತೆ ತಾಯಿ."

"ಸುಮ್ನಿರಿ, ಪಾಪ ಬೇಜಾರು ಮಾಡ್ಕೋತಾರೆ," ಎಂದು ಅವರ ಹೆಂಡತಿ ಗದರುತ್ತಾರೆ.

"ಬೇಜಾರಾ? ಅಯ್ಯೋ, ಹೇಳಿದ್ರಲ್ಲ!" ಅಳತೆಯಮ್ಮನ ಕಣ್ಣು ತುಂಬಿ ಬರುತ್ತದೆ. ನರ್ಸ್ ಬೇರೆ ಬಟ್ಟೆ ಹಾಸುತ್ತಾರೆ. ಈಕೆ ತೆಗೆದದ್ದನ್ನು ಕಂಕುಳಲ್ಲಿ ಅವುಚಿಕೊಂಡು ಬೇಗಬೇಗ ಕೆಳಗಿಳಿದು, ಯಂತ್ರಕ್ಕೆ ಹಾಕಿ, ಪುಡಿ ಮುಟ್ಟದೆ ನೀರು ಬಿಡುತ್ತಾರೆ.

ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ.

"ಆ ಅಜ್ಜನ ಹಾಗೆ ಎಲ್ರೂ ಬಾಯಿಬಿಟ್ಟು ಹೇಳ್ಲಿ, ಅಷ್ಟೇ. ನಮ್ಮ ಯಜಮಾನ್ರೂ ಒಂದೇ ಒಂದು ಸಲ ನನ್ನನ್ನ ಬೈದಿದ್ರೆ, ಇನ್ನೊಂದು ಸಲ ಜಾಲಿಸಿ ತರ್ತಿದ್ದೆ."