ಬಂಗಾರದ ತಕ್ಕಡಿಯಲ್ಲಿ ಗುಳಿಗೆ

ಹತ್ತು ದಿನಕ್ಕೆಂದು ಬರೆದುಕೊಟ್ಟ ಗುಳಿಗೆಯನ್ನು ನಾನು ಏಳು ವರ್ಷ ತಿಂದೆ. ಬರೆದ ಡಾಕ್ಟರದ್ದು ತಪ್ಪಿಲ್ಲ, ಅವರು ಅಕ್ಷರದಲ್ಲೂ ಅಂಕೆಯಲ್ಲೂ ಹತ್ತು ಅಂತಲೇ ಬರೆದಿದ್ದರು. ತಪ್ಪು ನನ್ನದು, ಸ್ವಲ್ಪ ಲ್ಯಾಮಿನೇಷನ್ ಅಂಗಡಿಯವನದ್ದು. ಮಡಚಿ ಮಡಚಿ ಚೀಟಿ ಹರಿಯಲಿಕ್ಕೆ ಶುರುವಾದಾಗ, ರೇಷನ್ ಕಾರ್ಡಿಗೆ ಮಾಡಿಸುವ ಹಾಗೆ ಅದಕ್ಕೂ ಪ್ಲಾಸ್ಟಿಕ್ ಹೊದಿಸಿದೆ. ಮೆಡಿಕಲ್ ಶಾಪಿನವ ಅದನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ಗಟ್ಟಿಯಾದ ದಾಖಲೆ ಇರುವವನಿಗೆ ಇಲ್ಲವೆನ್ನುವುದು ಹೇಗೆ ಎಂಬಂತೆ ಗುಳಿಗೆ ಕೊಡುತ್ತಿದ್ದ.

ಹತ್ತೊಂಬತ್ತನೇ ವರ್ಷದಲ್ಲಿ ಊರಿನ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಮಿಮಿಕ್ರಿ ಮಾಡಲು ಸ್ಟೇಜ್ ಹತ್ತಿದವನಿಗೆ ಎದೆ ಡಬಡಬ ಹೊಡೆದು, ಕಾಲು ನಡುಗಿ, ಜೀವ ಹೋಗುತ್ತಿದೆ ಅನ್ನಿಸಿತು. ನನಗೆ ಸಾಯುತ್ತೇನೆ ಅನ್ನಿಸಿತು, ಎದುರು ಕೂತಿದ್ದ ಅಮ್ಮನಿಗೆ ಓವರ್ ಆ್ಯಕ್ಟಿಂಗ್ ಅನ್ನಿಸಿತು. ಮರುದಿನ ಡಾಕ್ಟರು ಆ ಗುಳಿಗೆ ಬರೆದರು. ತಿಂದರೆ ಹೆದರಿಕೆಯ ಮೇಲೆ ಯಾರೋ ಒದ್ದೆ ಗೋಣಿ ಹಾಕಿದ ಹಾಗೆ. ಮುಂದಿನ ವರ್ಷ ಸ್ಟೇಜಿನಲ್ಲಿ ಹತ್ತೊಂಬತ್ತು ಜನರ ಧ್ವನಿ ತೆಗೆದೆ: ಬಸ್ಸಿನ ಕಂಡಕ್ಟರ್, ಮೀನಿನ ಹೆಂಗಸು, ನಮ್ಮ ಹೆಡ್‌ಮಾಸ್ಟರು, ವಿದ್ಯಾನಗರದ ಜಿಲ್ಲಾ ಕಚೇರಿಯಲ್ಲಿ ತಲೆ ಎತ್ತದೆ "ಅರ್ಜಿ ಮಲಯಾಳದಲ್ಲಿ ಬರೆದು ನಾಳೆ ಬನ್ನಿ" ಎನ್ನುವ ಗುಮಾಸ್ತರು. ಅಮ್ಮನದ್ದೂ ಇತ್ತು. ಆ ದಿನ ಮನೆಯಲ್ಲಿ ಊಟ ಇರಲಿಲ್ಲ.

ಈ ಧ್ವನಿಗಳೇ ನನ್ನ ಹೊಟ್ಟೆಪಾಡು. ಮದುವೆಮನೆ, ಗೃಹಪ್ರವೇಶಗಳಲ್ಲಿ ಮಿಮಿಕ್ರಿ; ಉಳಿದ ದಿನ ಮೈಕ್ ಕಟ್ಟಿದ ಜೀಪಿನಲ್ಲಿ ನಮ್ಮ ಬಂದ್ಯೋಡಿನಿಂದ ಶುರುವಾಗಿ ಮಂಗಲ್ಪಾಡಿ ಪಂಚಾಯತ್ ಇಡೀ ಸುತ್ತಿ ಕನ್ನಡ, ತುಳು, ಮಲಯಾಳದಲ್ಲಿ ಅನೌನ್ಸ್‌ಮೆಂಟ್. ಐದಾರು ವರ್ಷ ಕಳೆಯುವಾಗ ಗೋಣಿ ಹೆದರಿಕೆಯ ಮೇಲೆ ಮಾತ್ರ ಅಲ್ಲ, ನೆನಪಿನ ಮೇಲೂ ಬಿದ್ದಿದೆ ಅಂತ ಗೊತ್ತಾಯಿತು. ವಾಲಿಬಾಲ್ ಪಂದ್ಯಕ್ಕೆ ಕನ್ನಡದಲ್ಲಿ ಒಂದು ಮೈದಾನ ಹೇಳಿ, ಮಲಯಾಳಕ್ಕೆ ಬರುವಷ್ಟರಲ್ಲಿ ಮರೆತು ಇನ್ನೊಂದು ಹೇಳಿದೆ. ಎರಡೂ ಕಡೆ ಜನ ಸೇರಿದರು, ಒಂದೇ ಕಡೆ ಚೆಂಡು ಇತ್ತು. ಅದಾದ ಮೇಲೆ ಒಂದು ಗೃಹಪ್ರವೇಶದಲ್ಲಿ ಮೀನಿನ ಹೆಂಗಸಿನ ಧ್ವನಿ ಶುರು ಮಾಡಿದವನಿಗೆ ಅರ್ಧದಲ್ಲಿ ಅವಳು ಸಿಗಲೇ ಇಲ್ಲ. ಬಾಯಿಯಿಂದ ಗುಮಾಸ್ತರು ಹೊರಟು, "ಬಂಗುಡೆ ನಾಳೆ ಬನ್ನಿ" ಅಂದರು. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಮನೆಗೆ ಬಂದು ಒಂದೊಂದೇ ಧ್ವನಿ ತೆಗೆದು ಎಣಿಸಿದೆ. ಹತ್ತೊಂಬತ್ತರಲ್ಲಿ ಹನ್ನೊಂದು ಮಾತ್ರ ಉಳಿದಿದ್ದವು. ಆ ವರ್ಷ ಕ್ಲಬ್ಬಿನ ಸ್ಟೇಜಿನಿಂದಲೂ ಅರ್ಧಕ್ಕೇ ಇಳಿದೆ. ಹೀಗೇ ಹೋದರೆ ಕೊನೆಗೆ ನನ್ನದೊಂದೇ ಧ್ವನಿ ಉಳಿಯುತ್ತದೆ, ಅದನ್ನು ಕೇಳಲಿಕ್ಕೆ ಯಾರು ಬರುತ್ತಾರೆ?

ಅದಕ್ಕೇ ಒಬ್ಬರು ಡಾಕ್ಟರಮ್ಮನ ಹತ್ತಿರ ಹೋದೆ. ಅವರಿಗೆ ಮಲಯಾಳ ಮನೆಮಾತು, ಕನ್ನಡ ರೋಗಿಗಳಿಂದ ಕಲಿತದ್ದು; ಮಗನೇ ಎನ್ನುವಲ್ಲಿ ಮೋನೇ, ಆದರೆ ಎನ್ನುವಲ್ಲಿ ಪಕ್ಷೇ ನುಸುಳುತ್ತಿತ್ತು. ಲ್ಯಾಮಿನೇಷನ್ ಮಾಡಿದ ಚೀಟಿಯನ್ನು ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಫ್ರೇಮ್ ಹಾಕಿಸಲಿಲ್ಲವಾ ಮೋನೇ?"

ಇದು ಬೆಂಜೊಡಯಾಜಪೀನ್ ಎಂಬ ಜಾತಿಯ ಔಷಧಿ, ಕೆಲವು ವಾರಕ್ಕೆ ಆದೀತು, ವರ್ಷಗಟ್ಟಲೆ ತಿಂದರೆ ಮೈ ಅದಕ್ಕೇ ಒಗ್ಗಿಹೋಗುತ್ತದೆ ಅಂದರು.

"ಹಾಗಾದರೆ ಇವತ್ತೇ ಬಿಡ್ತೇನೆ," ಅಂದೆ, ಸಿಗರೇಟು ಬಿಡುವ ಗಂಡಸರ ಗತ್ತಿನಲ್ಲಿ.

"ಬಿಡಬೇಕು, ಪಕ್ಷೇ ಒಮ್ಮೆಲೇ ಬೇಡ. ಫಿಟ್ಸ್ ಬರಬಹುದು. ಹತ್ತು ಪಾಲಿನಲ್ಲಿ ಒಂದು ಪಾಲು ಕಡಿಮೆ, ಮೂರು ವಾರ ಹಾಗೇ. ಮತ್ತೆ ನೋಡಿಕೊಂಡು ಇನ್ನೊಂದು. ವರ್ಷ ಹಿಡಿದರೂ ಅಡ್ಡಿಯಿಲ್ಲ."

"ನನ್ನ ಧ್ವನಿಗಳು ವಾಪಸ್ ಬರ್ತವಾ?"

"ಬರಬಹುದು. ಎಲ್ಲವೂ ಬರ್ತವೆ ಅಂತ ನಾನು ಹೇಳಲಿಕ್ಕಿಲ್ಲ."

ಹೆಸರುಕಾಳಿನಷ್ಟು ದೊಡ್ಡ ಗುಳಿಗೆಯನ್ನು ಹತ್ತು ಪಾಲು ಮಾಡುವುದು ಹೇಗೆ? ಅಮ್ಮ ಬಟಾಟೆ ಹೆಚ್ಚುವ ಚೂರಿಯಲ್ಲಿ ಪ್ರಯತ್ನಿಸಿದಳು. ಅರ್ಧ ಪುಡಿಯಾಯಿತು, ಇನ್ನರ್ಧ ಹಾರಿ ಅಂಗಳಕ್ಕೆ ಬಿತ್ತು. ಕೋಳಿ ಹೆಕ್ಕಿತು. ಆ ಕೋಳಿ ಮಧ್ಯಾಹ್ನದವರೆಗೆ ಯಾರ ತಂಟೆಗೂ ಹೋಗಲಿಲ್ಲ.

ಆಗ ನೆನಪಾದವರು ಪಕ್ಕದ ಮನೆಯ ಆಚಾರ್ರು. ಚಿನ್ನದ ಕೆಲಸದವರು. ಹೈವೇ ಬದಿಯಲ್ಲಿ ಗಾಜು ಹಾಕಿದ ಜ್ಯುವೆಲ್ಲರಿ ಅಂಗಡಿಗಳು ಬಂದ ಮೇಲೆ ಅವರಿಗೆ ಉಳಿದದ್ದು ಮೂಗುತಿಯ ತಿರುಪು ಬಿಗಿ ಮಾಡುವುದು, ಮಕ್ಕಳ ಕಿವಿ ಚುಚ್ಚುವುದು. ಆದರೆ ಗಾಜಿನ ಪೆಟ್ಟಿಗೆಯೊಳಗಿನ ಅವರ ತಕ್ಕಡಿ, ಹತ್ತಿರ ಉಸಿರು ಬಿಟ್ಟರೂ ಅಂಕೆ ಬದಲಿಸುವಂಥದ್ದು. ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವರು ಮಿಲಿಗ್ರಾಂ ತೋರಿಸ್ತದಾ ಅಂತ ಎರಡು ಸಲ ವಿಚಾರಿಸಿ, ಯಾವ ವಾರ ಎಷ್ಟು ತೂಕ ಅಂತ ಬರೆಸಿದರು.

"ಎಂತ ತಂದದ್ದು?" ಆಚಾರ್ರು ಕನ್ನಡಕ ಮೇಲೇರಿಸಿದರು.

"ಗುಳಿಗೆ."

"ಹಾಲ್‌ಮಾರ್ಕ್ ಉಂಟಾ?"

ವಿಷಯ ಹೇಳಿದೆ. ಅವರ ಮುಖ ಗಂಭೀರವಾಯಿತು. ಬಹಳ ವರ್ಷಗಳ ನಂತರ ಯಾರೋ ಅವರಿಗೆ ನಾಜೂಕಿನ ಕೆಲಸ ಕೊಟ್ಟಿದ್ದರು. ಕಲ್ಲಿನ ಸಣ್ಣ ಕುಟ್ಟಾಣಿ ತೊಳೆದು ಒರೆಸಿ, ಗುಳಿಗೆ ಅರೆದು, ತೂಗಿ, ದಿನಕ್ಕೊಂದರಂತೆ ಗುಲಾಬಿ ಬಣ್ಣದ ತೆಳು ಕಾಗದದಲ್ಲಿ ಪೊಟ್ಟಣ ಕಟ್ಟಿದರು. ಉಂಗುರ ಕಟ್ಟಿಕೊಡುತ್ತಾರಲ್ಲ, ಅದೇ ಕಾಗದ. ಬಿಚ್ಚುವಾಗೆಲ್ಲ ನನಗೇ ನನ್ನ ನಿಶ್ಚಿತಾರ್ಥ ಆದ ಹಾಗೆ.

ಒಂದು ಪಾಲು ಕಡಿಮೆಯಾದ ಆ ವಾರಗಳಲ್ಲಿ ನಾನು ಪಟ್ಟ ಪಾಡು! ಇಂಟರ್ನೆಟ್ ಕೆಫೆಯಲ್ಲಿ ಕೂತು ಏನೇನಾಗುತ್ತದೆ ಅಂತ ಓದಿಕೊಂಡು ಬಂದಿದ್ದೆ. ಎಲ್ಲವೂ ಆಯಿತು. ಬೆವರು, ನಡುಕ, ಚರ್ಮದ ಮೇಲೆ ಇರುವೆ ಹರಿದಾಟ. ಮಿಕ್ಸಿ ಸದ್ದು ಕೇಳಿದರೆ ಕಿವಿ ಮುಚ್ಚಿ ಕೂಗುತ್ತಿದ್ದೆ. ಅಮ್ಮ ಪಾಪ ತಿಂಗಳುಗಟ್ಟಲೆ ಬಿಟ್ಟಿದ್ದ ರುಬ್ಬುವ ಕಲ್ಲಿಗೆ ಮರಳಿದಳು. ಆದರೂ ಒಂದು ದಿನ ಕೇಳಿಯೇ ಬಿಟ್ಟಳು:

"ಅಲ್ಲ ಮಗ, ನಿನ್ನೆ ನಡುಗಿದ್ದು ಬಲಗೈ ಅಲ್ವಾ?"

"ಇವತ್ತು ಎಡದ್ದು."

"ಹೌದಾ. ನಾಳೆ ಎರಡಕ್ಕೂ ರಜೆ ಕೊಡು, ತೆಂಗಿನಕಾಯಿ ಸುಲಿಲಿಕ್ಕುಂಟು."

ಸುಳ್ಳು ನಡುಕ ಅಲ್ಲ, ದೇವರಾಣೆ ನನಗೆ ಹಾಗೇ ಆಗುತ್ತಿತ್ತು. ಮೂರು ವಾರ ಮುಗಿದಾಗ ಎರಡನೇ ಮೆಟ್ಟಿಲು ಇಳಿಯುವ ಧೈರ್ಯ ಬರಲಿಲ್ಲ. ಡಾಕ್ಟರಮ್ಮನನ್ನು ಕಾಡಿ ಇನ್ನೂ ಮೂರು ವಾರ ಅಲ್ಲೇ ನಿಂತೆ.

ಆರು ವಾರದ ಕೊನೆಗೆ ಅವರು ಖಾಲಿ ಪಟ್ಟಿಗಳನ್ನೂ ಉಳಿದ ಗುಳಿಗೆಗಳನ್ನೂ ತರಲು ಹೇಳಿದ್ದರು. ಮೇಜಿನ ಮೇಲೆ ಹರಡಿ ಲೆಕ್ಕ ಹಾಕಿದರು. ನಲವತ್ತೆರಡು ದಿನ, ನಲವತ್ತೆರಡು ಗುಳಿಗೆಯೂ ಖಾಲಿ.

"ದಿನಕ್ಕೊಂದು ಪಾಲು ಉಳಿದರೆ ನಾಲ್ಕು ಗುಳಿಗೆ ಉಳಿಯಬೇಕಿತ್ತಲ್ಲ. ಎಲ್ಲಿ? ಕದ್ದು ತಿಂದದ್ದಾ?"

"ಇಲ್ಲ ಡಾಕ್ಟ್ರೇ, ಪೊಟ್ಟಣ ಮಾತ್ರ."

ಅವರು ನಂಬಲಿಲ್ಲ. ಕಳ್ಳನನ್ನು ನೋಡುವ ಆ ನೋಟ ನನ್ನನ್ನು ಬಸ್ಸಿನುದ್ದಕ್ಕೂ ಸುಟ್ಟಿತು. ಬಂದ್ಯೋಡಿನಲ್ಲಿ ಇಳಿಯುವಾಗ ಕಳ್ಳ ಯಾರೆಂದು ನನಗೆ ಖಾತ್ರಿಯಾಗಿತ್ತು. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡುವುದಿಲ್ಲ ಅಂತ ಗಾದೆಯೇ ಉಂಟಲ್ಲ. ನಿದ್ದೆ ಬಾರದೆ ನನ್ನ ಗುಳಿಗೆಯಿಂದ ಕದ್ದಿದ್ದಾರೆ! ನೇರ ಹೋಗಿ ಕೇಳಿದೆ.

ಆಚಾರ್ರು ಕೈಯಲ್ಲಿದ್ದ ಚಿಮಟ ಕೆಳಗಿಟ್ಟರು.

"ನಿನ್ನ ಅಮ್ಮನ ಕರಿಮಣಿ ಮಾಡಿದವ ನಾನು. ನನ್ನ ತಕ್ಕಡಿಗೆ ನೀನು ಕುಂದು ಹೇಳ್ತೀಯಾ? ನಾನು ತೆಗೆದದ್ದಲ್ಲ ಮಾರಾಯ, ಹಾಕಿದ್ದು."

"ಎಂತ ಹಾಕಿದ್ದು?"

"ತೇಮಾನು."

ಚಿನ್ನ ಅರ ಹಾಕುವಾಗ, ಕರಗಿಸುವಾಗ ಸ್ವಲ್ಪ ಉದುರಿ ಹೋಗುತ್ತದೆ. ಆ ನಷ್ಟವೇ ತೇಮಾನು. ಅದನ್ನು ಗಿರಾಕಿಯಿಂದ ಹಿಡಿದುಕೊಳ್ಳುವುದು ಕಸುಬಿನ ಕ್ರಮ.

"ಅರೆಯುವಾಗ ಕಲ್ಲಿಗೆ ಅಂಟ್ತದೆ, ಕಾಗದಕ್ಕೆ ಅಂಟ್ತದೆ. ಬೇರೆಯವರಾದರೆ ಅವರ ನಷ್ಟ. ನೀನು ಪಕ್ಕದ ಮನೆಯವ, ಸೌಖ್ಯ ಇಲ್ಲದವ. ನಿನ್ನ ಹತ್ತಿರ ತೇಮಾನು ಹಿಡಿಯುವುದಾ? ತೂಕ ಸರಿ ಮಾಡಿ ಉಳಿದ ಪುಡಿಯಿಂದ ಮೇಲಿಂದ ನಾನೇ ಒಂದು ಪಾಲು ಸೇರಿಸಿದೆ. ಹತ್ತಕ್ಕೆ ಒಂದು."

ನಾನು ಲೆಕ್ಕ ಹಾಕಿದೆ. ಒಂಬತ್ತಕ್ಕೆ ಒಂದು ಸೇರಿದರೆ ಹತ್ತು.

"ಹಾಗಾದರೆ ಇಷ್ಟು ದಿನ ನಾನು ತಿಂದದ್ದು ಪೂರ್ತಿ ಗುಳಿಗೆಯಾ?"

"ಒಂದು ಚೂರೂ ಕಮ್ಮಿ ಇರಲಿಕ್ಕಿಲ್ಲ," ಅಂದರು, ಉಪಕಾರ ಕೊನೆಗೂ ಬೆಳಕಿಗೆ ಬಂದ ಸಮಾಧಾನದಲ್ಲಿ.

ಆರು ವಾರದ ಬೆವರು, ಇರುವೆ, ಬಲಗೈ, ಎಡಗೈ ಎಲ್ಲ ನನ್ನದೇ ಸ್ವಂತ ತಯಾರಿ! ಊರವರನ್ನೆಲ್ಲ ಅನುಕರಿಸಿ ಮುಗಿದು, ಇನ್ನೂ ಬಾರದ ಕಾಯಿಲೆಯನ್ನು ಅನುಕರಿಸಿದ್ದೆ. ಅಮ್ಮನಿಗೆ ಹೇಳಿದಾಗ ಅವಳು ಎದ್ದುಹೋಗಿ ಮಿಕ್ಸಿ ಹಾಕಿದಳು. ಒಳಗೆ ಅರೆಯಲಿಕ್ಕೆ ಏನೂ ಇರಲಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಒರೆಸುವಷ್ಟು ನಕ್ಕರು. ಆಮೇಲೆ, "ನಾಟಕ ಅಂತ ನಿನ್ನನ್ನು ನೀನೇ ಬೈಬೇಡ. ಹೆದರಿಕೆಗೂ ಮೈ ನಡುಗ್ತದೆ. ಈಗ ನಿಜವಾಗಿ ಶುರು ಮಾಡುವ," ಅಂದರು. ಆಚಾರ್ರಿಗೆ ಫೋನಿನಲ್ಲಿ ಅವರೇ ಹೇಳಿದರು, ಮೇಲಿಂದ ಏನೂ ಬೇಡ. ಆಚಾರ್ರಿಗೆ ಬೇಸರವಾಯಿತು, ಆದರೆ ಒಪ್ಪಿದರು.

ನಿಜದ್ದು ಬಂತು. ಮೊದಲ ಮೆಟ್ಟಿಲಲ್ಲಿ ಹೆಚ್ಚೇನಿಲ್ಲ, ನಾಲ್ಕನೆಯದರಲ್ಲಿ ಗಟ್ಟಿಯಾಗಿ ಬಂತು. ಓದಿದ್ದರ ಹಾಗೆ ಇರಲಿಲ್ಲ. ಕೈ ನಡುಗಿದ್ದು ಸ್ವಲ್ಪವೇ. ಆದರೆ ಬೆಳಗ್ಗೆ ಎದ್ದು ಹಲ್ಲುಜ್ಜುವ ಬ್ರಶ್ ಹಿಡಿದು, ಯಾವ ಕಾರಣವೂ ಇಲ್ಲದೆ, ಏನೋ ಭಯಂಕರವಾದದ್ದು ಆಗಲಿಕ್ಕಿದೆ ಅಂತ ನಿಂತುಬಿಡುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಲಿಕ್ಕೆ ಅದಕ್ಕೊಂದು ಧ್ವನಿಯೇ ಇರಲಿಲ್ಲ. ಮೊದಲಿನ ಆರು ವಾರದ ನಾಟಕವನ್ನು ನಂಬದ ಅಮ್ಮ, ಈಗ ನಾನು ಸುಮ್ಮನಿದ್ದದ್ದು ನೋಡಿಯೇ ಹೆದರಿದಳು. "ಇವ ನಾಲ್ಕು ದಿನದಿಂದ ಯಾರನ್ನೂ ತಮಾಷೆ ಮಾಡಲಿಲ್ಲ," ಅಂತ ಡಾಕ್ಟರಮ್ಮನಿಗೆ ಫೋನ್ ಮಾಡಿ ದೂರು ಕೊಟ್ಟಳು. ಆ ಸಲ ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿ, ಅಲ್ಲಿ ತಿಂಗಳು ನಿಂತು, ಆಮೇಲೆ ಅರ್ಧರ್ಧ ಪಾಲಿನಂತೆ ಇಳಿದೆವು.

ಒಂದೂವರೆ ವರ್ಷ ಹಿಡಿಯಿತು. ಕೊನೆಕೊನೆಗೆ ಪೊಟ್ಟಣದೊಳಗೆ ಇದ್ದದ್ದು ಉಗುರಿನ ಸಂದಿಯ ಧೂಳಿನಷ್ಟು. ಆಚಾರ್ರು ಅದನ್ನೂ ಉಸಿರು ಹಿಡಿದು ತೂಗುತ್ತಿದ್ದರು. ಅದೂ ನಿಂತು ಎರಡು ತಿಂಗಳಾದಾಗ ಕ್ಲಬ್ಬಿನವರು ವಾರ್ಷಿಕೋತ್ಸವಕ್ಕೆ ಕರೆದರು. ಭಾನುವಾರ ಮಧ್ಯಾಹ್ನ, ಊಟಕ್ಕೆ ಮೊದಲಿನ ಕಾರ್ಯಕ್ರಮ ನನ್ನದು.

ಹತ್ತೊಂಬತ್ತನೇ ವರ್ಷದ ಆ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಮೂತ್ರಕ್ಕೆ ನಾಲ್ಕು ಸಲ ಹೋಗಿಬಂದೆ. ಮೈಕ್ ಹಿಡಿದಾಗ ಅದು ಹಲ್ಲಿಗೆ ಟಕಟಕ ಬಡಿಯಿತು. ಕಣ್ಣು ಮುಚ್ಚಿ ಗುಮಾಸ್ತರನ್ನು ಕರೆದೆ, ಬಂದರು. ಕಂಡಕ್ಟರ್ ಬಂದ. ಮೀನಿನ ಹೆಂಗಸು ಬುಟ್ಟಿ ಸಮೇತ ಬಂದಳು, ಬಂಗುಡೆ ಅಂದಳು, ರೇಟಿಗೆ ಜಗಳಾಡಿದಳು, ಹೋಗಲು ಒಪ್ಪಲೇ ಇಲ್ಲ. ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರು. ಬೆರಳಲ್ಲಿ ಎಣಿಸುತ್ತ ಹೋದೆ. ಹದಿನೇಳು. ಹೆಡ್‌ಮಾಸ್ಟರೂ ಇನ್ನೊಬ್ಬರೂ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ.

ಕೆಳಗಿಳಿದು ಬಂದು ಅಮ್ಮನ ಹತ್ತಿರ ಕುಳಿತೆ. ಕಾಲು ಇನ್ನೂ ಅದುರುತ್ತಿತ್ತು.

"ಹೇಗಾಯಿತು?"

"ಉದ್ದ ಆಯಿತು ಮಾರಾಯ," ಅಂದಳು ಅಮ್ಮ, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದು. "ಹೋದ ಸಲ ಎಲ್ಲ ಮರೆತು ಹತ್ತು ನಿಮಿಷದಲ್ಲಿ ಇಳಿದಿದ್ದಿ. ನಮಗೆ ಮೊದಲನೇ ಪಂಕ್ತಿಯಲ್ಲೇ ಊಟ ಸಿಕ್ಕಿತ್ತು."