ಒನ್ಸ್ ಮೋರ್ ಬೇಡವೆಂದ ರಾಜಲಕ್ಷ್ಮಮ್ಮ

ನಾಗಲಿಂಗಯ್ಯನವರು ಸನ್ಮಾನದ ವಿಷಯ ಎತ್ತಿದಾಗ ರಾಜಲಕ್ಷ್ಮಮ್ಮ ಅವರೆಕಾಳು ಹಿತಕುವುದನ್ನು ನಿಲ್ಲಿಸಲಿಲ್ಲ. ತೊಂಬತ್ತು ದಾಟಿದ ಆಕೆಗೆ ಶಾಲು ಹೊಸದಲ್ಲ. ಹಿಂದೆ ಶಾಲು ಹೊದಿಸಿದವರೂ ಭಾಷಣ ಮಾಡಿದವರೂ ಆಕೆಗಿಂತ ಮೊದಲೇ ಹೊರಟುಹೋಗಿದ್ದರು.

“ಮೂಕಿ ಹೋಗಿ ಟಾಕಿ ಬಂದ ಕಾಲದ ನಟಿ ಮಧುಗಿರೀಲಿ ಇನ್ನೊಬ್ರಿಲ್ಲ ಕಣಮ್ಮ. ರಾಣಿ ವಿಷ ಕುಡಿದು ಹಾಡೋ ಪದ ಒಂದು ಹಾಡ್ಬುಡಿ, ಸಾಕು,” ಎಂದರು ಕಲಾ ಸಂಘದ ಅಧ್ಯಕ್ಷರಾದ ಅವರು.

“ಹಾಡ್ತೀನಿ. ಒಂದೇ ಸಲ. ಯಾರೂ ‘ಒನ್ಸ್ ಮೋರ್’ ಅನ್ನಂಗಿಲ್ಲ.”

“ಅಯ್ಯೋ, ಅದು ಕಲಾವಿದರಿಗೆ ಮರ್ಯಾದೆ ಅಲ್ವೇನಮ್ಮಾ?”

“ಮರ್ಯಾದೆ ಸಾಕಾಗೈತೆ. ಒಂದ್ಸಲನಾದ್ರೂ ಆ ರಾಣಿನ ನೆಟ್ಟಗೆ ಸಾಯಾಕೆ ಬುಡ್ರಪ್ಪ.”

ನಾಗಲಿಂಗಯ್ಯನವರು ನಕ್ಕು ಮಾತು ಕೊಟ್ಟರು. ಆಕೆ ನಗಲಿಲ್ಲ.

ಶಿರಾದಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯವರು ಐ.ಡಿ.ಹಳ್ಳಿಯ ಹುಡುಗಿ ರಾಜಲಕ್ಷ್ಮಿಯ ಕಂಠ ಕೇಳಿ ಕರೆದೊಯ್ದಾಗ ಆಕೆಗಿನ್ನೂ ಲಂಗ ತೊಡುವ ವಯಸ್ಸು. ನೆಲದ ಮೇಲೆ ಕೂತ ಕಟ್ಟಕಡೆಯವನ ಕಿವಿಗೂ ಮಾತು ಮುಟ್ಟಬೇಕೆಂದು ಕಂಪನಿ ಆಕೆಗೆ ಕಲಿಸಿತು. ‘ಒನ್ಸ್ ಮೋರ್’ ಎಂಬ ಕೂಗು ಬಂದರೆ ಯಾವ ಸ್ಥಿತಿಯಲ್ಲಿದ್ದರೂ ಮತ್ತೆ ಹಾಡಬೇಕೆಂದೂ ಕಲಿಸಿತು. ರಣದಲ್ಲಿ ಬಿದ್ದ ವೀರ ಎದ್ದು, ಧೂಳು ಕೊಡವಿ, ಕೈಮುಗಿದು ಹಾಡಿ, ಪುನಃ ಹೋಗಿ ಬೀಳುತ್ತಿದ್ದ. ಅದನ್ನು ಯಾರೂ ಹಾಸ್ಯವೆಂದು ತಿಳಿಯುತ್ತಿರಲಿಲ್ಲ. ಜನರ ಅಪ್ಪಣೆಗಿಂತ ಯಮನ ಅಪ್ಪಣೆ ದೊಡ್ಡದಲ್ಲವೆಂಬುದೇ ಕಂಪನಿಯ ಧರ್ಮ. ವಿಷ ಕುಡಿದ ರಾಣಿಯಾಗಿ ರಾಜಲಕ್ಷ್ಮಿ ಕೊರಟಗೆರೆಯಲ್ಲಿ ಸತ್ತೆದ್ದಳು, ಪಾವಗಡದಲ್ಲಿ “ಮಳ್ಳೀ ಪಾಡಮ್ಮಾ!” ಎಂದು ತೆಲುಗಿನಲ್ಲಿ ಇನ್ನೊಮ್ಮೆ ಹಾಡಲು ಕೂಗಿದವರಿಗಾಗಿ ಮತ್ತೆ ಮತ್ತೆ ಎದ್ದಳು.

ಆ ಹೆಸರೇ ಆಕೆಯನ್ನು ಮದರಾಸಿನ ಸ್ಟುಡಿಯೋಗೆ ಮುಟ್ಟಿಸಿತು. ಮಾತಿನ ಚಿತ್ರಗಳು ಬಂದು ಬಹಳ ಕಾಲವಾಗಿರಲಿಲ್ಲ. ನಟಿಸುವವರೇ ಕ್ಯಾಮೆರಾದ ಎದುರು ಹಾಡಬೇಕಿತ್ತು. ಹಾರ್ಮೋನಿಯಂ, ತಬಲಗಳನ್ನು ರಟ್ಟಿನ ಅರಮನೆಯ ಹಿಂದೆ ಅಡಗಿಸಿದ್ದರು. ಹಾಡು ಮುಗಿದು ರಾಣಿ ಪ್ರಾಣ ಬಿಟ್ಟಳು. ಇನ್ನು ರಾಜ ಬಂದು ಅಳಬೇಕು. ಅಷ್ಟರಲ್ಲಿ ಮೇಲೆ ದೀಪ ಹಿಡಿದಿದ್ದವನೊಬ್ಬ, ಹಿಂದೆ ಯಾವುದೋ ಕಂಪನಿಯಲ್ಲಿ ಗ್ಯಾಸ್‌ಲೈಟ್ ಹೊತ್ತಿಸುತ್ತಿದ್ದವನು, ಮೈಮರೆತು “ಒನ್ಸ್ ಮೋರ್!” ಎಂದುಬಿಟ್ಟ. ರಾಣಿ ಎದ್ದಳು. ಕೈಮುಗಿದಳು. ಪಲ್ಲವಿಯಿಂದ ಶುರುಮಾಡಿದಳು.

ಫಿಲ್ಮು ಆ ಕಾಲದಲ್ಲಿ ಚಿನ್ನ. ಮರುದಿನ ಕಿರೀಟ ಬೇರೊಬ್ಬಳ ತಲೆಗೆ ಹೋಯಿತು. ರಾಜಲಕ್ಷ್ಮಿಗೆ ಚಾಮರ ಬೀಸುವ ಸಖಿಯ ಪಾತ್ರ ಉಳಿಯಿತು, ಅದೂ ಬೆನ್ನು ಮಾತ್ರ ಕಾಣುವಂತೆ. ಆ ಚಿತ್ರದ ಸುರುಳಿ ಈಗ ಎಲ್ಲಿಯೂ ಇಲ್ಲ. ಊರಿಗೆ ಮರಳಿದ ಮೇಲೆ ಕರಪತ್ರಗಳಲ್ಲಿ ಮಾತ್ರ ಆಕೆ ‘ಸಿನಿಮಾ ತಾರೆ’. ಕಾಲಕ್ರಮದಲ್ಲಿ ಕಂಪನಿಯೂ ಮುಚ್ಚಿತು. ಬಡವನಹಳ್ಳಿಯ ಸುತ್ತಮುತ್ತ ಊರ ಗಂಡಸರು ಆಡುವ ನಾಟಕಗಳಿಗೆ ಬಾಡಿಗೆಯ ರಾಣಿಯಾಗಿ ಹೋದಳು. ಕಂಠ ಒರಟಾಯಿತು, ಮೊಣಕಾಲು ಸವೆಯಿತು, ಕೂಗು ಮಾತ್ರ ನಿಲ್ಲಲಿಲ್ಲ. ಬದುಕಿಡೀ ಸತ್ತರೂ ಒಂದು ಸಾವೂ ಪೂರ್ತಿಯಾಗಲಿಲ್ಲವೆಂಬ ದಣಿವು ಆಕೆಯ ಎಲುಬಿಗೆ ಇಳಿದಿತ್ತು.

ಕಾರ್ಯಕ್ರಮದ ಮಧ್ಯಾಹ್ನ ತಂಗಿಯ ಮೊಮ್ಮಗಳು ಲೋಹಿತಾ ಆಕೆಯನ್ನು ಆಟೋದಲ್ಲಿ ಸಭಾಭವನಕ್ಕೆ ಕರೆತಂದಳು. ಮಧುಗಿರಿ ಬೆಟ್ಟದ ಬಂಡೆಯ ಕಾವು ಒಳಗೂ ನುಗ್ಗಿತ್ತು. ಹಳ್ಳಿ ನಾಟಕಗಳ ಕಾಲದ ಜೊತೆಗಾರ ಓಬಳರಾಜು ಹಾರ್ಮೋನಿಯಂ ಮುಂದೆ ಕೂತಿದ್ದ.

“ಲೇ ಓಬಳ, ಕೊನೇ ಸ್ವರ ಆದ್ಮೇಲೆ ಕೈ ತೆಗೆದು ತೊಡೆ ಮೇಲಿಟ್ಕೋ.”

“ಜನ ಕೂಗಿದ್ರೆ ನನ್ ಬೆರಳು ನನ್ ಮಾತು ಕೇಳಾಕಿಲ್ಲ ಕಣಕ್ಕ.”

“ಕೇಳ್ದಿದ್ರೆ ಬೆರಳ ಮೇಲೆ ಕೂತ್ಕೋ.”

ನಾಗಲಿಂಗಯ್ಯನವರು ಶಾಲು ಹೊದಿಸಿ, ಮೈಕಿನಲ್ಲಿ ಆಕೆಯ ಷರತ್ತನ್ನು ಒತ್ತಿ ಹೇಳಿದರು. ಸಭೆ ನಕ್ಕಿತು. ಆಕೆ ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿ, ಕೂತಲ್ಲಿಂದಲೇ ಹಾಡತೊಡಗಿದಳು. ದನಿ ನೂಲಿನಷ್ಟು ಸಣ್ಣಗಾಗಿತ್ತು. ಮೇಲಿನ ಸ್ವರ ಕೈಕೊಟ್ಟಲ್ಲಿ ಅದನ್ನು ಬೆನ್ನಟ್ಟದೆ, ವಿಷವೇರಿದವಳ ಉಸಿರನ್ನಷ್ಟೇ ಬಿಟ್ಟು ಮುಂದೆ ನಡೆದಳು. ಕೊನೆಯ ಸಾಲಿಗೆ ತಲೆ ಭುಜದ ಮೇಲೆ ವಾಲಿತು. ಭವನದಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು. ಆ ಮೌನವನ್ನು ಆಕೆ ಅದಕ್ಕೆ ಮೊದಲು ಎಂದೂ ಕೇಳಿರಲಿಲ್ಲ.

“ಒನ್ಸ್ ಮೋರ್!”

ಕೂಗಿದವರು ಬೇರೆ ಯಾರೂ ಅಲ್ಲ, ಕಣ್ಣೊರೆಸಿಕೊಳ್ಳುತ್ತ ಎದ್ದುನಿಂತಿದ್ದ ನಾಗಲಿಂಗಯ್ಯನವರೇ. ಹಿಂದೆಯೇ ಇಡೀ ಸಭೆ ಕೂಗಿತು. ಓಬಳರಾಜುವಿನ ಬೆರಳುಗಳು ಪಲ್ಲವಿಯ ಶ್ರುತಿ ಹಿಡಿದೇಬಿಟ್ಟವು. ರಾಜಲಕ್ಷ್ಮಮ್ಮನ ಪಾದ ತಾನಾಗಿ ನೆಲಕ್ಕೆ ಊರಿತು. ಕೈಗಳು ಮುಗಿಯಲು ಅಲುಗಿದವು. ಆಕೆ ಸೆರಗಿನೊಳಗೆ ಮುಷ್ಟಿ ಬಿಗಿದಳು. ಏಳಲಿಲ್ಲ.

ಹಾರ್ಮೋನಿಯಂ ತಡವರಿಸಿ ನಿಂತಿತು. ಲೋಹಿತಾ ಗಾಬರಿಯಿಂದ ಓಡಿಬಂದಳು. “ಅಜ್ಜೀ, ಏನಾಯ್ತಜ್ಜಿ?”

“ಸತ್ತಿದ್ದೀನಿ ಕಣೇ, ಮಾತಾಡಿಸ್ಬೇಡ,” ಎಂದಳು ಅಜ್ಜಿ, ತುಟಿ ಅಲುಗಿಸದೆ. “ಪರದೆ ಎಳಿಯಾಕೆ ಹೇಳು.”

“ಇಲ್ಲಿ ಪರದೆ ಎಲ್ಲೈತಜ್ಜಿ? ಬ್ಯಾನರ್ರು ಅಷ್ಟೇ ಇರೋದು.”

ಲೋಹಿತಾ ಸಭೆಯತ್ತ ಒಮ್ಮೆ ನೋಡಿದಳು. ಕುರ್ಚಿಯ ಬೆನ್ನಿನಿಂದ ಸನ್ಮಾನದ ಶಾಲು ಎಳೆದು, ಎರಡೂ ತುದಿ ಹಿಡಿದು ಅಜ್ಜಿಯ ಮುಂದೆ ಅಗಲಿಸಿ ನಿಂತಳು. ತೋಳು ನೋಯತೊಡಗಿದರೂ ಇಳಿಸಲಿಲ್ಲ.

“ಇನ್ನೂ ಕೂಗ್ತಾ ಅವ್ರಾ?” ಶಾಲಿನ ಹಿಂದಿನಿಂದ ಮೆಲ್ಲನೆ ಕೇಳಿಸಿತು.

“ಹೂಂ ಅಜ್ಜಿ.”

“ಕೂಗ್ಲಿ ಬುಡು.”